ಪೊರಕೆಯ ಪಾತ್ರ

ಮೀಸೆ ಬೇಡ, ಕಪ್ಪು ಕನ್ನಡಕ ಬೇಡ ಅಂದಳು ಪ್ರಾಜಕ್ತಾ.
ನಿಮ್ಮದೇ ಶರ್ಟು ಸಾಕು, ಜೇಬಿನಲ್ಲಿ ಎರಡು ಪೆನ್ನಿರುವುದು.

ಡೊಂಬಿವಲಿಯ ಸಂಘದ ನಾಟಕಗಳಲ್ಲಿ
ಮೂವತ್ತು ವರ್ಷ ನಾನು ದೂತ, ದ್ವಾರಪಾಲಕ, ಒಮ್ಮೆ ವಿದುರ.
ಕೆಟ್ಟವನಿಗೆ ಬೇಕಾದ ಗಂಟಲು ನಿನಗಿಲ್ಲ ಮಾರಾಯ
ಎಂದವರೇ ಎಲ್ಲ.
ಮತ್ತೆ ನಾನೇ ಯಾಕೆ?
ಅವಳು ಚಹಾ ಗ್ಲಾಸಿನ ಅಂಚು ಒರೆಸುತ್ತ,
ನಿಮ್ಮನ್ನು ಕಂಡರೆ ಮಕ್ಕಳು ಹತ್ತಿರ ಬರುತ್ತಾರಲ್ಲ ಕಾಕಾ,
ಅದಕ್ಕೇ.

ಆ ರಾತ್ರಿ ಬಚ್ಚಲ ಕನ್ನಡಿಯಲ್ಲಿ
ಯಾರದೋ ಮನೆಯ ಬೀಗದ ಕೈ ಸಿಕ್ಕವನಂತೆ
ನನ್ನ ಮುಖವನ್ನು ತಿರುಗಿಸಿ ತಿರುಗಿಸಿ ನೋಡಿದೆ.

ನಾಲ್ಕು ನಿಮಿಷದ ಚಿತ್ರ. ಕತೆ ಅಂತ ಹೆಚ್ಚೇನಿಲ್ಲ:
ಶಾಲೆ ಬಿಟ್ಟು ಬಂದ ಹುಡುಗಿ, ಮನೆಗೆ ಬೀಗ,
ಎದುರು ಮನೆಯವನು ಬಾಗಿಲು ತೆರೆದು
ಬಾ, ಒಳಗೆ ಕೂತಿರು ಅನ್ನುತ್ತಾನೆ. ಆಮೇಲೆ,
ಆಯೀಲಾ ಸಾಂಗೂ ನಕೋಸ್.
ಅಮ್ಮನಿಗೆ ಹೇಳಬೇಡ.
ಅಷ್ಟಕ್ಕೆ ಹನ್ನೊಂದು ಟೇಕು.
ಗದರಿದರೆ ತಪ್ಪು, ಪಿಸುಗುಟ್ಟಿದರೂ ತಪ್ಪು.
ಗಲ್ಲೆಯಲ್ಲಿ ಕೂತು ಚಿಲ್ಲರೆಯ ಬದಲು
ಪೆಪ್ಪರಮಿಂಟು ಕೊಡುತ್ತೀರಲ್ಲ ಕಾಕಾ, ಆ ದನಿಯಲ್ಲಿ.
ಕೊಟ್ಟೆ.
ಹೋಟೆಲಿನ ಆ ಬರಣಿಯ ಮುಚ್ಚಳ
ವಾರವಿಡೀ ಕೈಗೆ ಬಿಗಿಯಾಗಿತ್ತು.

ಕನ್ನಡ ಶಾಲೆಗೆಂದು ಮತ್ತೆ ಕೂರಿಸಿ
ನನ್ನ ನುಡಿಯಲ್ಲೂ ಹೇಳಿಸಿದಳು.
ಮನೆಮಾತಿನಲ್ಲಿ ಅದು ಇನ್ನೂ ಮೆತ್ತಗಿತ್ತು.
ಅದಕ್ಕೇ ಇನ್ನೂ ಭಯ.

ಹುಡುಗಿ ಓವಿಯನ್ನು ನಾನು ನೋಡಿಯೇ ಇಲ್ಲ.
ಅವಳ ಭಾಗ ಬೆಳಿಗ್ಗೆ, ಮೆಟ್ಟಿಲ ಬಳಿ ತಾಯಿ ನಿಂತು,
ನನ್ನದು ಊಟದ ನಂತರ.
ನನ್ನ ಜಾಗದಲ್ಲಿ ಅವಳಿಗೊಂದು ಪೊರಕೆ ನಿಲ್ಲಿಸಿದ್ದರಂತೆ,
ನನ್ನ ಕಣ್ಣಿನ ಎತ್ತರಕ್ಕೆ ಕೆಂಪು ರಿಬ್ಬನ್ನು ಕಟ್ಟಿ.
ಮೊದಲ ಸಲ ನಕ್ಕುಬಿಟ್ಟಳಂತೆ.
ಎರಡನೇ ಸಲ ಪೊರಕೆಯನ್ನು ನೆಟ್ಟ ನೋಟದಲ್ಲಿ ನೋಡಿ
ನಕೋ! ಎಂದವಳು
ಕೆಳಗಿಳಿದು ವಾಚ್‌ಮನ್ ಮಾವಶಿಯ ತನಕ ಓಡಿದಳಂತೆ.
ಅವಳು ಹೆದರಲಿಲ್ಲ,
ಹೆದರಬೇಕೆಂದು ಯಾರೂ ಹೇಳಿರಲಿಲ್ಲ.
ನನ್ನ ಸರದಿಗೆ ಅವಳ ಜಾಗದಲ್ಲಿ
ಇಪ್ಪತ್ತು ಲೀಟರಿನ ನೀರಿನ ಕ್ಯಾನು.
ಅದರೊಂದಿಗೆ ಅಷ್ಟು ಸಿಹಿಯಾಗಿ ಮಾತಾಡಿದೆ.

ಸಾಯನ್ ಹತ್ತಿರದ ಮುನ್ಸಿಪಲ್ ಶಾಲೆ, ಕಿಟಕಿಗೆ ಕಟ್ಟಿದ ಹಾಸಿಗೆವಸ್ತ್ರ,
ಪ್ರೊಜೆಕ್ಟರಿನ ಅಡಿಗೆ ಹಾಜರಿ ಪುಸ್ತಕ.
ಲೋಕಲ್ ಹೋದಾಗಲೆಲ್ಲ ನನ್ನ ಮುಖ ಅದುರುತ್ತಿತ್ತು.
ಪೊಲೀಸರು ಹಿಡಿದ್ರಾ? ಎಂದನೊಬ್ಬ.
ಆ ಅಕ್ಕ ಅಮ್ಮನಿಗೆ ಹೇಳಿದ್ಲಾ? ಎಂದಳೊಬ್ಬಳು.
ಅಮ್ಮ ನಂಬದಿದ್ರೆ?
ನಂಬುವವರು ಸಿಗುವ ತನಕ ಹೇಳ್ತಾ ಹೋಗೋದು,
ಎಂದರು ವಿದ್ಯುಲ್ಲತಾ ಟೀಚರ್.

ಎಲ್ಲ ಹೋದ ಮೇಲೂ ಒಂದು ಮಗು
ಡಬ್ಬಿಯ ಮುಚ್ಚಳ ಹಾಕುತ್ತ, ತೆಗೆಯುತ್ತ, ಹಾಕುತ್ತ
ಅಲ್ಲೇ ಕೂತಿತ್ತು.
ಟೀಚರ್ ನನ್ನನ್ನು ನೋಡಿದರು. ನಾನು ಹೊರಗೆ ಬಂದೆ.
ಬಾಗಿಲು ಮುಚ್ಚಿತು.
ನಾಲ್ಕು ನಿಮಿಷದ ಚಿತ್ರ;
ಆ ಬಾಗಿಲು ತೆರೆಯಲು ಏಳು ಸ್ಲೋ ಟ್ರೇನು ಹೋದವು.
ಏನಂತೆ ಎಂದು ನಾನು ಕೇಳಲಿಲ್ಲ.
ಕೇಳುವ ಪಾತ್ರ ನನ್ನದಲ್ಲ.

ಈಗ ನಮ್ಮ ಬಿಲ್ಡಿಂಗಿನಲ್ಲಿ
ಮೂರನೇ ಮಹಡಿಯ ಈಶಾನ ನನ್ನ ಜೊತೆ ಲಿಫ್ಟ್ ಹತ್ತುವುದಿಲ್ಲ.
ಅದು ಬರೀ ಸಿನಿಮಾ ಅಂತ ಹೇಳ್ತೇವೆ ಅಣ್ಣಾ,
ಅವನ ತಾಯಿಗೆ ನಾಚಿಕೆ.
ಹೇಳಬೇಡಿ
ಎನ್ನಹೊರಟು, ಆ ಪದ ನಾಲಿಗೆಯಲ್ಲೇ ನಿಂತು,
ಇರಲಿ ಬಿಡಿ ಎಂದೆ.
ಮಂಡಿ ನೋಯುತ್ತದೆ, ಮೆಟ್ಟಿಲು ಹತ್ತುತ್ತೇನೆ.
ಇದೊಂದು ಪಾತ್ರಕ್ಕೆ ಸುಗುಣಾ ಇನ್ನೂ ನನ್ನನ್ನು ಕ್ಷಮಿಸಿಲ್ಲ.

ಮೊನ್ನೆ ಮೇಲಿನಿಂದ ಕೂಗು, ಒಬ್ಬೊಬ್ಬರದೇ, ಸರದಿಯಂತೆ:
ನಕೋ! ನಕೋ! ನಕೋ!
ಮಕ್ಕಳು ಸಿನಿಮಾ ಆಡುತ್ತಿದ್ದವು.
ಎಲ್ಲರಿಗೂ ಕೂಗುವ ಪಾತ್ರವೇ ಬೇಕು,
ನಾನಾಗಲು ಒಬ್ಬರೂ ಒಪ್ಪದೆ
ಗೋಡೆಗೊಂದು ಪೊರಕೆ ಆನಿಸಿದ್ದರು.
ಅದರ ಹಿಡಿಗೆ ಎರಡು ಪೆನ್ನು.

ತರಕಾರಿ ಚೀಲವನ್ನು ಕೈ ಬದಲಿಸುತ್ತ
ಎರಡನೇ ಮಹಡಿಯಲ್ಲೇ ನಿಂತೆ,
ಆಟ ಮುಗಿಯಲಿ ಎಂದು.