ತೊಂಬತ್ತಾರು ಗುಳಿ

ವಡಗಾವಿಯ ಇಂದೂಬಾಯಿ ಲೋಕರಿ
ಮೂವತ್ತು ವರ್ಷ ಮಗ್ಗದ ಮುಂದೆ ಕೂತು
ನೂಲು ಕಡಿದೂ ಕಡಿದೂ
ಮುಂದಿನ ಹಲ್ಲಿಗೆ ಕಚ್ಚು ಬಿದ್ದಿತ್ತು.
ನಾವು ಕಿತ್ತದ್ದು ಅದಲ್ಲ, ಹಿಂದಿನ ಅಕಲದಾಢೆ.
ಅದಕ್ಕಂಟಿ ಬಂದ ಒಸಡಿನ ಚೂರು, ಅಕ್ಕಿಕಾಳಿನಷ್ಟು,
ಪರೀಕ್ಷೆಗೆ ಇಟ್ಟುಕೊಳ್ಳಲೇ ಎಂದು ಕಾಗದ ಚಾಚಿದೆ.
ಬಾಯಿತುಂಬ ಹತ್ತಿ. ಹೊಲಸು, ಅದಕ್ಯಾಕ ಸಹಿ
ಎಂಬಂತೆ ಕೈಯಾಡಿಸಿ, ಸಹಿ ಮಾಡಿದಳು.
ಲೋಕರಿಯ ‘ರಿ’ ಗೆರೆ ದಾಟಿ ಆಚೆ ಹೋಯಿತು.

ಮೂರು ವಾರಕ್ಕೆ ಕಾಳು ಹಬ್ಬಿತು.
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯೊಳಗೆ, ಗುಲಾಬಿ ನೀರಿನಡಿ
ಎರಡೂ ತುದಿ ಚೂಪಾದ ಜೀವಕೋಶ;
ಪುಸ್ತಕ ಇವನ್ನು ಕದಿರಿನಾಕಾರ ಅನ್ನುತ್ತದೆ.
ಕಸುಬೂ ನೇಯ್ಗೆಯೇ, ಒಸಡಿಗೆ ನಾರು ನೇಯುವುದು.
ಒಬ್ಬಳೇ ನಕ್ಕೆ. ಯಾರಿಗೂ ಹೇಳಲಿಲ್ಲ.

ಅಳಗುಳಿ ಮಣೆಗೆ ಹದಿನಾಲ್ಕು ಗುಳಿ,
ನನ್ನ ತಟ್ಟೆಗೆ ತೊಂಬತ್ತಾರು.
ಗುಳಿಗೈದು ಸಾವಿರ ಜೀವ, ಮೇಲೆ ಆ ರಾಳ:
ಹುಳುಕು ಮುಚ್ಚುವ, ನೀಲಿ ಬೆಳಕಿಗೆ ಕಲ್ಲಾಗುವ,
ಕಲ್ಲಾಗದೆ ಉಳಿದದ್ದು ಸದ್ದಿಲ್ಲದೆ ಜಿನುಗುವ ರಾಳ.
ಮೊದಲ ಸಾಲಿಗೆ ಏನೂ ಇಲ್ಲ.
ಎರಡನೆಯದಕ್ಕೆ ಹನಿಯ ಸಾವಿರದ ಪಾಲು,
ಆಮೇಲೆ ಇಮ್ಮಡಿ, ಮತ್ತೆ ಇಮ್ಮಡಿ.

ಮರುದಿನ ಬಣ್ಣ ಹಾಕಿ ನಾಲ್ಕು ತಾಸು ಕಾಯಬೇಕು.
ಉಸಿರಿದ್ದವು ಹಳದಿ ತಿಂದು ನೇರಳೆ ಮಾಡುತ್ತವೆ,
ಖಾನಾಪುರದ ಬುಟ್ಟಿಗೆ ಕೈಹಾಕಿದ ಹುಡುಗರ ನಾಲಿಗೆಯ ಹಾಗೆ.
ಸತ್ತಲ್ಲಿ ಹಳದಿ ಹಳದಿಯಾಗಿಯೇ ಉಳಿಯುತ್ತದೆ.
ಅರಿಷಿಣ ಅಂದರೆ ಶುಭ ಅಂತ ಬೆಳೆದವಳು ನಾನು;
ಇಲ್ಲಿ ಕೆಳಗಿಳಿದಂತೆಲ್ಲ ಅರಿಷಿಣ.
ಏಳನೇ ಸಾಲಿನಲ್ಲಿ
ಬೇರೆ ಗುರುತೇ ಇಲ್ಲ.

‘ಬಾಯಂದ್ರ ಪ್ಲಾಸ್ಟಿಕ್ ತಟ್ಟಿ ಅಲ್ಲವಾ,
ಜೊಲ್ಲು ಐತಿ, ರಕ್ತ ಐತಿ, ತೊಳಕೊಂಡು ಹೋಗತೈತಿ’
ಅಂದರು ಸರ್. ನಿಜ. ಬರೆದುಕೊಂಡೆ.

ಶನಿವಾರ ಅವಳೇ ಬಂದಳು. ಕೆಳದವಡೆ, ಹುಳುಕು.
ತೋಡಿದೆ, ತುಂಬಿದೆ, ನೀಲಿ ಬೆಳಕು ಹಿಡಿದೆ.
ಇಪ್ಪತ್ತು ಎಣಿಸಿದರೆ ಸಾಕು;
ಹೊರಗೆ ಚೀಟಿ ಹಿಡಿದು ಕೂತವರು ಹದಿನೆಂಟು.
ಬೀಪ್ ಅಂತು. ಮತ್ತೊಮ್ಮೆ ಒತ್ತಿದೆ.
ಮತ್ತೊಮ್ಮೆ.
‘ಎಷ್ಟೊತ್ತರೀ ಬಾಯಿ ತಗದಿರೂದು?’

ಕೆನ್ನೆ ಒತ್ತಿಕೊಂಡು ಏಳುವಾಗ ಕೇಳಿದಳು,
‘ಅವತ್ತಿನ ಚೂರು ಏನಾತ್ರಿ?’
‘ಐತ್ರಿ. ಇನ್ನೂ ನೇಯಾಕತ್ತೈತಿ’ ಅಂದೆ.
ಮೊದಲ ಸಾಲಿನ ಮಟ್ಟಿಗೆ ಅದು ಸುಳ್ಳಲ್ಲ.

‘ಹಂಗಾದ್ರ ಕೂಲಿ ಯಾರಿಗ್ರಿ?’
ಅರ್ಧ ಬಾಯಿ ಮಾತ್ರ ನಗುತ್ತಿತ್ತು.
ಇನ್ನರ್ಧಕ್ಕೆ ಸೂಜಿಮದ್ದಿನ ಜೋಮು
ಇಳಿದಿರಲಿಲ್ಲ.