ಎರಡನೆಯ ಗೇರು

ಗೇರ್ ಬಾಕ್ಸೇ ಹೋಗಿದೆ ಅಂದರಂತೆ ಮೈಸೂರಿನವರು,
ಪೂರಾ ಬದಲಿಸಿ, ಇಲ್ಲವೇ ಗಾಡಿಯನ್ನು ತೂಕಕ್ಕೆ ಹಾಕಿ.
ಪಾರವ್ವ ಟೀಚರು ಒಪ್ಪಲಿಲ್ಲ.
ಒಂದರಿಂದ ನೇರ ಮೂರಕ್ಕೆ ಹಾರಿಸುತ್ತ, ಕುಂಟಿಸುತ್ತ
ಅಮ್ಮತ್ತಿಯವರೆಗೆ ತಂದು
ಅಂಗಳದಲ್ಲಿ ಒಣಹಾಕಿದ ಕಾಫಿಗೆ ಗಾಲಿ ತಾಗದಂತೆ ನಿಲ್ಲಿಸಿ
"ಎರಡು ನಿಲ್ಲುತ್ತಿಲ್ಲ ಹಂಸ" ಅಂದರು,
ಹಾಜರಿ ಕರೆದಾಗ ಉತ್ತರ ಕೊಡದ ಹುಡುಗಿಯ ಬಗ್ಗೆ
ಹೇಳುವ ಹಾಗೆ.

ಅರವತ್ತೆಂಟರ ಫಿಯಟ್ಟು. ಕೆನೆಬಣ್ಣ.
ಗೇರಿನ ಕೋಲು ನೆಲದಲ್ಲಿಲ್ಲ,
ಸ್ಟೀರಿಂಗಿನ ಕುತ್ತಿಗೆಗೆ ಜೋತುಬಿದ್ದ ತೋಳು.
ಈಗಿನ ಹುಡುಗರು ಅದನ್ನು ಹಿಡಿದು ಇಂಡಿಕೇಟರ್ ಹಾಕುತ್ತಾರೆ.

ಮೊದಲ ದಿನ ತಪ್ಪು ಮಾಡಿದೆ.
ಕ್ಲಚ್ ಅಂದೆ, ಕ್ಲಚ್ ಬಿಗಿದೆ, ಹಣವನ್ನೂ ಇಸಿದುಕೊಂಡೆ.
ಮರುದಿನ ಬೆಳಿಗ್ಗೆ ಟೀಚರು ಮತ್ತೆ ಅಂಗಳದಲ್ಲಿ,
ಕೊರಳಲ್ಲಿ ಸೀಟಿಯೊಂದು ಇಲ್ಲ ಅಷ್ಟೆ.

ಆಮೇಲೆ ಎಂಜಿನ್ ಆಫ್ ಮಾಡಿ ಸುಮ್ಮನೆ ಕೂತೆ.
ಎಡಗಿವಿ ಹೋಗಿ ಆರು ವರ್ಷ,
ಬೇಕಾದದ್ದನ್ನು ಅಂಗೈಯೇ ಕೇಳಿಸಿಕೊಳ್ಳುತ್ತದೆ.
ಒಂದು ಬಿತ್ತು. ಮೂರು, ನಾಲ್ಕು, ಬಿದ್ದವು.
ಎರಡು? ಬಿತ್ತು ಅಂದುಕೊಂಡೆ.
ಬಿದ್ದಿರಲಿಲ್ಲ. ಹೊಸ್ತಿಲ ಮೇಲೆ ನಿಂತಿತ್ತು,
ಒಳಗೆ ಬಾ ಅನ್ನುವವರಿಗಾಗಿ ಕಾಯುವ ನೆಂಟನ ಹಾಗೆ.
ಏರಿನಲ್ಲಿ ಕೈ ಬಿಟ್ಟರೆ ಇಂಥವನು ಉಳಿಯುತ್ತಾನೆಯೇ?

ಎಂಜಿನ್ ಮಲಗಿದ್ದಾಗಲೂ ಬೀಳದಿದ್ದರೆ ಕ್ಲಚ್ಚಿನ ಪಾಪವಲ್ಲ.
ಆಯಿಲ್ ಇಳಿಸಿ ಬೆರಳಲ್ಲಿ ಉಜ್ಜಿದೆ:
ಕಪ್ಪು, ನುಣುಪು, ಹಿತ್ತಾಳೆಯ ಮಿನುಗು ಒಂದೂ ಇಲ್ಲ.
ಒಳಗೆ ಯಾರೂ ಸತ್ತಿಲ್ಲ.

ಗೋಣಿ ಹಾಸಿ ಅಡಿಗೆ ತೂರಿದೆ.
ಎರಡು ಸರಳು ಇರುತ್ತವೆ ಅಲ್ಲಿ,
ಒಂದು ಯಾವುದೆಂದು ಆರಿಸುವುದಕ್ಕೆ, ಇನ್ನೊಂದು ಅದನ್ನು ನೂಕುವುದಕ್ಕೆ.
ನನ್ನ ಮದುವೆ ಮಾತುಕತೆಯಲ್ಲೂ ಹೀಗೆಯೇ,
ಆರಿಸಿದವರು ಬೇರೆ, ನೂಕಿದವರು ಬೇರೆ.
ನೂಕುವ ಸರಳನ್ನು ಕಳಚಿ
ಪೆಟ್ಟಿಗೆಯ ಕೈಯನ್ನು ನನ್ನ ಕೈಯಿಂದಲೇ ತಳ್ಳಿದೆ.

ಕಟ್.

ಎರಡನೆಯ ಗೇರು ಎದೆತುಂಬ ಕೂತಿತು.
ಮೈಸೂರಿನವರು ನಿರಪರಾಧಿಯನ್ನು ಗಲ್ಲಿಗೆ ಹಾಕಲು ಹೊರಟಿದ್ದರು.

ಹಾಗಾದರೆ ತಳ್ಳಿದ್ದು ತಲುಪದೆ ನಡುವೆ ಎಲ್ಲಿ ಸೋರುತ್ತಿದೆ?
ಟಾರ್ಚು ಹಲ್ಲಲ್ಲಿ ಕಚ್ಚಿ ಸರಳಿನ ಕೊನೆಗೆ ಬಂದರೆ
ಬುಷ್ ಇರಬೇಕಾದಲ್ಲಿ ರಬ್ಬರಿಲ್ಲ, ನೈಲಾನಿಲ್ಲ,
ಮರ!
ಹೆಬ್ಬೆರಳು ಗಾತ್ರದ ಮರದ ಗುಂಡು,
ತೂತು ಸವೆದು ಮೊಟ್ಟೆಯಾಕಾರ, ಗ್ರೀಸ್ ಕುಡಿದು ಕರಿ ಬೆಲ್ಲ.

"ಯಾವ ಕತ್ತೆ ಮೆಕ್ಯಾನಿಕ್ ಮಾಡಿದ್ದು ಟೀಚರೆ ಇದು?"
ಗಾಡಿಯ ಅಡಿಯಿಂದಲೇ ಕೂಗಿದೆ.
ಮೇಲೆ ಎರಡು ಚಪ್ಪಲಿ ಸುಮ್ಮನೆ ನಿಂತಿದ್ದವು.
"ನಾನೇ."

ಎಂಬತ್ತನಾಲ್ಕರ ಮೇ ತಿಂಗಳು. ಸಿದ್ದಾಪುರದಲ್ಲಿ ಮದುವೆ.
ದಾರಿಯಲ್ಲಿ ಬುಷ್ ಪುಡಿಯಾಗಿ ಗೇರು ಸತ್ತಿತು.
ಅಣ್ಣ ಕುಪ್ಯ ಚೇಲೆಯಲ್ಲಿ ಬೆವರುತ್ತ ನಿಂತ,
ಅತ್ತಿಗೆ ಸೀರೆ ಎತ್ತಿ ಕಲ್ಲಿನ ಮೇಲೆ ಕೂತರು.
ಬೇಲಿಯಂಚಿನಲ್ಲಿ ಯಾರೋ ಕಡಿದು ಬಿಸಾಕಿದ ಕಾಫಿಯ ಬೊಡ್ಡೆ.
ಟೀಚರು ಅಣ್ಣನ ಸೊಂಟದಿಂದ ಪೀಚೆಕತ್ತಿ ಎಳೆದು
ಅರ್ಧ ಗಂಟೆ ಕೆತ್ತಿದರಂತೆ.
"ಊಟದ ಹೊತ್ತಿಗೆ ತಲುಪಿದೆವು. ಪಂದಿಕರಿ ಇನ್ನೂ ಬಿಸಿ ಇತ್ತು."

ನಾನು ಮಲಗಿಯೇ ಲೆಕ್ಕ ಹಾಕಿದೆ.
ನಾಲ್ಕು ದಶಕ, ಎಷ್ಟು ಏರು, ಎಷ್ಟು ಸಲ ಎರಡು.
ಕತ್ತೆ ಅಂದದ್ದನ್ನು ವಾಪಸು ತೆಗೆದುಕೊಳ್ಳಲು
ಗಾಡಿಯ ಅಡಿಯಲ್ಲಿ ಜಾಗ ಸಾಲದು.

ವಿರಾಜಪೇಟೆಯ ಲೇತಿನಲ್ಲಿ ಹಿತ್ತಾಳೆಯದು ಕಡೆಸಿ ತಂದೆ.
ಮುನ್ನೂರು ರೂಪಾಯಿ. ಕ್ಲಚ್ಚಿನ ಹಣದಲ್ಲೇ ವಜಾ.
ಮರದ್ದನ್ನು ಕೊಡಲು ಹೋದರೆ
"ಇಟ್ಟುಕೊ, ಇದೂ ಕೈಕೊಟ್ಟರೆ ಅಳತೆಗೆ ಬೇಕು" ಅಂದರು.
ಹಿತ್ತಾಳೆಯ ಮೇಲೆ ಅವರಿಗೆ ಅಷ್ಟು ನಂಬಿಕೆಯಿಲ್ಲ.

ಸಂಜೆ ಗಾಡಿ ಹೊರಟಿತು. ಬಲಗಿವಿ ರಸ್ತೆಗೆ ತಿರುಗಿಸಿ ನಿಂತೆ.
ಒಂದು.
ಸಾಮಿಲ್ಲಿನ ಏರಿನಲ್ಲಿ ಎರಡು, ಹಿಡಿದದ್ದು ಹಿಡಿದ ಹಾಗೆ.
ಮೂರು.
ನಾಲ್ಕನೆಯದು ಕೇಳಿಸಲಿಲ್ಲ,
ಆ ತಿರುವಿನಾಚೆಗೆ ನನ್ನ ಕಿವಿ ಹೋಗುವುದಿಲ್ಲ.