ಇದಲ್ಲ

ಇವನಿಗೂ ಮುಂಚೆ ಎರಡು ಕೂಸು ಉಳಿಯಲಿಲ್ಲ ನಮಗೆ.
ಮೂರನೆಯದು ಹುಟ್ಟಿದಾಗ ನನ್ನವ್ವ ಅದರ ಕಿವಿಗೆ ಬಾಯಿಟ್ಟು
ಮೂರು ಸಲ ಎಂದಳು: ಎನೆಬಿಷ್.
ನಮ್ಮ ಮಾತಿನಲ್ಲಿ, ಇದಲ್ಲ.
ಹೊಸ್ತಿಲಾಚೆ ನಿಂತು ವಿಚಾರಿಸುವವರಿಗೆ ಉತ್ತರ:
ನೀವು ಹುಡುಕುವ ಮಗು ಇದಲ್ಲ, ಮುಂದೆ ಹೋಗಿ.

ಐದು ವರ್ಷ ನಂಬಿದ್ದರು.

ಈಗ ಉಲಾನ್‌ಬಾತರ್‌ನ ಆಸ್ಪತ್ರೆ, ನಾಲ್ಕನೇ ಮಹಡಿ.
ನರ್ಸ್ ಇಚಿನ್‌ಖೋರ್ಲೋ ಕಾಗದ ಹಿಡಿದು ಕೂಗುತ್ತಾಳೆ: ಇದಲ್ಲ!
ನಾನು ಬೆಂಚಿನಿಂದ ಎದ್ದು ನಿಲ್ಲುತ್ತೇನೆ:
ಇದೇ.

ಕರುಳೊಳಗೆ ಕರುಳು ಹೊಕ್ಕಿತ್ತಂತೆ.
ಅಂಗಿಯ ತೋಳು ಒಳಮಗುಚಿದ ಹಾಗೆ ಎಂದು ಡಾಕ್ಟರು
ತನ್ನದೇ ಬಿಳಿಕೋಟಿನ ತೋಳು ಎಳೆದು ತೋರಿಸಿದರು.
ಒಂದು ಗೇಣು ಕೊಯ್ದು ತೆಗೆದೆವು, ಉಳಿದದ್ದು ಹೊಲಿದೆವು.
ಯಾರ ಗೇಣು ಎಂದು ಕೇಳಲಿಲ್ಲ.
ಕಲ್ಲಿದ್ದಲ ಲಾರಿಯ ಸ್ಟೀರಿಂಗ್ ಹಿಡಿದು ಒರಟಾದ ನನ್ನ ಕೈ ಬಿಡಿಸಿ
ಹೆಬ್ಬೆರಳಿಂದ ಕಿರುಬೆರಳಿಗೆ ನೋಡಿದೆ.
ಮಗುವಿನ ಹೊಟ್ಟೆಯೇ ಅಷ್ಟಿಲ್ಲ.

ಊರಿಂದ ಹೊರಟದ್ದು ನಡುರಾತ್ರಿ.
ಆಡುಗಳು ಮರಿಹಾಕುವ ಹೊತ್ತು, ಅವಳು ಬರುವಂತಿರಲಿಲ್ಲ.
ಒಲೆಯ ಮಸಿ ಬೆರಳಿಗೆ ಹಚ್ಚಿ
ಅವನ ಹಣೆಯಿಂದ ಮೂಗಿನ ತುದಿಗೆ ಗೀಟೆಳೆದಳು:
ಇದು ಮಗುವಲ್ಲ, ಮೊಲ.
ಕತ್ತಲೆಯಲ್ಲಿ ಪಯಣಿಸುವ ಕೂಸಿಗೆ ನಾವು ಹಾಗೆ ಮಾಡುತ್ತೇವೆ.
ಥಿಯೇಟರಿನ ಬಾಗಿಲಲ್ಲಿ ಸ್ಪಿರಿಟ್ಟಿನ ಹತ್ತಿಯಿಂದ
ಮೊಲವನ್ನು ಒರೆಸಿಬಿಟ್ಟರು.
ಆ ಹತ್ತಿಯುಂಡೆ ಜೇಬಿನಲ್ಲಿದೆ. ಎಸೆಯಲು ಆಗಿಲ್ಲ.

ನೀರು ಕೇಳುತ್ತಾನೆ.
ಕೊಡುವಂತಿಲ್ಲ; ಒದ್ದೆ ಬಟ್ಟೆಯಿಂದ ತುಟಿ ಸವರಬಹುದು, ಅಷ್ಟೆ.
ಮೊದಲ ದಿನ ಅಳುತ್ತ ಕೇಳಿದ.
ಎರಡನೇ ದಿನ ವ್ಯಾಪಾರ: ಒಂದು ಮುಚ್ಚಳ ಕೊಡು,
ನನ್ನ ಕಂದು ಕುದುರೆಮರಿ ನಿನಗೆ.
ಸಂಜೆಯ ಹೊತ್ತಿಗೆ ಅಪ್ಪಾ ಎನ್ನುವುದನ್ನೂ ಬಿಟ್ಟ.
ಏಯ್ ಡ್ರೈವರ್, ಎಂದ. ನೀರು.
ಕಾರಿಡಾರಿನ ಕೊನೆಗೆ ಹೋಗಿ, ಗೋಡೆಗೆ ಮುಖ ಮಾಡಿ,
ಕಳ್ಳನಂತೆ ಉಪ್ಪುಚಹಾ ಕುಡಿದು ಬಂದೆ.
ಹತ್ತಿರ ಬಾಗಿದಾಗ ಮೂಸಿದ.
ಏನೂ ಅನ್ನಲಿಲ್ಲ. ಮುಖ ಆಚೆ ತಿರುಗಿಸಿದ.
ಆಮೇಲೆ ನಾನೂ ಕುಡಿಯಲಿಲ್ಲ. ಅದರಿಂದ ಅವನಿಗೇನೂ ಆಗಲಿಲ್ಲ.

ದಿನಾ ಬೆಳಿಗ್ಗೆ ಡಾಕ್ಟರು ಕೇಳುವುದು ಒಂದೇ:
ಹೂಸು ಬಿಟ್ಟನೇ?
ಹೊಲಿದ ಕರುಳು ನಿದ್ದೆಯಲ್ಲಿದೆ, ಅದು ಎದ್ದು ಮಾತಾಡಬೇಕು,
ಆಗಲೇ ನೀರು.
ಮೂವತ್ತೆಂಟು ವರ್ಷದ ಗಂಡಸು ನಾನು,
ಹಿಮಗಾಳಿಗೆ ದಾರಿ ಅಳಿಸಿಹೋದ ಗೋಬಿಯಲ್ಲಿ ಲಾರಿ ದಾಟಿಸಿದವನು,
ಮಗನ ಕುಂಡೆಗೆ ಕಿವಿಯಿಟ್ಟು ಎರಡು ರಾತ್ರಿ ಕಳೆದೆ.

ಮೂರನೇ ರಾತ್ರಿ, ಮೂರು ಗಂಟೆ ಇರಬೇಕು,
ಸೈಕಲ್ ಟ್ಯೂಬಿನ ವಾಲ್ವನ್ನು ಉಗುರಿಂದ ಒತ್ತಿದಷ್ಟು ಸದ್ದು.
ಪಕ್ಕದ ಹಾಸಿಗೆಯ ದುಲ್ಮಾ ಮುದುಕಿ,
ಮೊಮ್ಮಗಳ ಕಾಲ ಬಳಿ ಜಪಮಣಿ ಹಿಡಿದೇ ತೂಕಡಿಸುತ್ತಿದ್ದವಳು,
ಧಡಕ್ಕನೆ ಎದ್ದು ಕೂತಳು:
ಯಾರದ್ದು?
ಇದಲ್ಲನದ್ದು! ಎಂದೆ, ಇಡೀ ವಾರ್ಡಿಗೆ ಕೇಳುವಂತೆ.
ಆರು ಹಾಸಿಗೆಗಳು ನಕ್ಕವು.
ಅವನೂ ನಗಲು ಹೋಗಿ, ಹೊಲಿಗೆ ಎಳೆದು, ಚೀರಿ,
ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಅಳುತ್ತಲೇ ನಕ್ಕ.
ಫೋನಿನಾಚೆ ಅವಳು ಮಾತಾಡಲಿಲ್ಲ.
ಹಿಂದೆ ಯಾವುದೋ ಮರಿ ಅರಚುತ್ತಿತ್ತು.

ಬೆಳಿಗ್ಗೆ ಮೂರು ಚಮಚ ನೀರು.
ಎರಡನೆಯದನ್ನು ಬಾಯಲ್ಲೇ ಇಟ್ಟುಕೊಂಡ, ನುಂಗಲು ಮನಸ್ಸಾಗದೆ.

ಇಂದು ನಡೆಸಿದೆವು, ಕಿಟಕಿಯವರೆಗೆ, ಏಳು ಹೆಜ್ಜೆ.
ಹೊರಗೆ ಊರು ಹೊಗೆಯಲ್ಲಿ ಮುಳುಗಿತ್ತು.
ಹಲಗೆಯ ಮೇಲೆ ಕೂತ ಮಸಿಯಲ್ಲಿ ಬೆರಳಾಡಿಸಿ,
ಬಗ್ಗು, ಎಂದ ನನಗೆ.
ಹಣೆಯಿಂದ ಮೂಗಿಗೆ ಎಳೆದ.
ನೀನೂ ಮೊಲ, ಡ್ರೈವರ್. ನಿನ್ನನ್ನೂ ಒಯ್ಯುವುದಿಲ್ಲ.

ಇಚಿನ್‌ಖೋರ್ಲೋ ಬೈದು ಸಾಬೂನು ಕೊಟ್ಟಳು.
ಅವನ ಬೆರಳು ತೊಳೆದೆ.
ನನ್ನ ಮೂಗು ಹಾಗೇ ಬಿಟ್ಟಿದ್ದೇನೆ.